ಸ್ಫೂರ್ತಿ ಬರೆದುಕೊಟ್ಟ ಗಣಿತ ಪರೀಕ್ಷೆ

2025ರ ಮಾರ್ಚ್ ತಿಂಗಳು. ಪದ್ಮನಾಭನಗರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಗಣಿತ ಶಿಕ್ಷಕಿಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದವರ ಗಮನವೆಲ್ಲ ಪಾಸಾಗುವ ಅಂಚಿನಲ್ಲಿರುವ ಮಕ್ಕಳ ಮೇಲೆ. ಚೆನ್ನಾಗಿ ಓದುವವರು ತಾವೇ ನೋಡಿಕೊಳ್ಳುತ್ತಾರೆ ಎಂದು ಬಿಟ್ಟುಬಿಟ್ಟಿರುತ್ತೇವೆ. ನಂದಿನಿ ಹಾಗೆ ನಾನು ಬಿಟ್ಟಿದ್ದ ಹುಡುಗಿ. ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್, ತಂದೆ ಇರಲಿಲ್ಲ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳಬೇಕು ಎಂಬುದು ಎಂಟನೇ ಕ್ಲಾಸಿನಿಂದಲೇ ಅವಳು ತೀರ್ಮಾನಿಸಿದ್ದ ವಿಷಯ.

ಪರೀಕ್ಷೆಗೆ ಮೂರು ವಾರ ಇರುವಾಗ ಅವಳ ಬಲಗೈ ಮುರಿಯಿತು.

ತ್ಯಾಗರಾಜನಗರದಲ್ಲಿದ್ದ ಗೆಳತಿಯೊಬ್ಬಳ ಮನೆಯಲ್ಲಿ ಓದಿ, ಸಂಜೆ ಸಂಜನಾಳ ಸ್ಕೂಟರಿನ ಹಿಂದೆ ಕೂತು ವಾಪಸ್ ಬರುತ್ತಿದ್ದಳು. ಸಂಜನಾ ಅವಳದೇ ತರಗತಿ. ಸಂಜನಾಳ ಮನೆಯವರು ನಮ್ಮ ಶಾಲೆಯ ಕಡೆಯ ಹಳೇ ಊರಿನವರು. ತಾತನ ಕಾಲದ ರಾಗಿ ಹೊಲದ ಮೇಲೆ ಈಗ ಮೂರಂತಸ್ತಿನ ಮನೆ ಕಟ್ಟಿ, ಕೆಳಗೆ ತಾವಿದ್ದು, ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದರು. ಮೇಲಿನ ಮಹಡಿಯ ಎರಡು ರೂಮಿನಲ್ಲಿ ನಂದಿನಿ ಮತ್ತು ಅವಳ ತಾಯಿ ಬಾಡಿಗೆಗಿದ್ದರು. ಹದಿನಾರೂ ತುಂಬದ ಹುಡುಗಿಗೆ ಲೈಸೆನ್ಸ್ ಎಲ್ಲಿಂದ ಬರಬೇಕು? ಅಪ್ಪನ ಗಾಡಿಯನ್ನು ಕೇಳದೆ ತಂದಿದ್ದಳು. ನಾಯಿ ಅಡ್ಡ ಬಂತು, ಬ್ರೇಕ್ ಹಾಕಿದೆ, ಪೈಪ್ ಹಾಕಲು ಅಗೆದಿದ್ದ ಗುಂಡಿಗೆ ಬಿದ್ದೆವು ಎಂದು ಎಲ್ಲರಿಗೂ ಹೇಳಿದಳು. ಅವಳಿಗೆ ಮೊಣಕಾಲು ತರಚಿತ್ತು, ಅಷ್ಟೆ. ನಂದಿನಿಗೆ ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು.

ಕೈಯಲ್ಲಿ ಬರೆಯಲಾಗದ ವಿದ್ಯಾರ್ಥಿಗೆ ಇಲಾಖೆ ಸ್ಕ್ರೈಬ್ ಸೌಲಭ್ಯ ಕೊಡುತ್ತದೆ. ಅಭ್ಯರ್ಥಿ ಬಾಯಲ್ಲಿ ಹೇಳಿದ್ದನ್ನು ಉತ್ತರ ಪತ್ರಿಕೆಯಲ್ಲಿ ಬರೆದುಕೊಡುವವರು ಸ್ಕ್ರೈಬ್. ಅವರು ಕೆಳಗಿನ ತರಗತಿಯವರೇ ಆಗಿರಬೇಕು, ತಮಗೆ ಗೊತ್ತಿರುವುದನ್ನು ಬರೆಯುವಂತಿಲ್ಲ. ವೈದ್ಯರ ಪ್ರಮಾಣಪತ್ರ ಹಿಡಿದು ಬಿಇಒ ಕಚೇರಿಗೆ ಅಲೆಯುವುದು ನನ್ನ ಪಾಲಿಗೆ ಬಂತು. ಯಾರನ್ನು ಕೂರಿಸುವುದು ಎಂದು ಯೋಚಿಸುತ್ತಿರುವಾಗ ಸಂಜನಾ ಒಂಬತ್ತನೇ ತರಗತಿಯಲ್ಲಿದ್ದ ತನ್ನ ತಂಗಿಯನ್ನು ಸ್ಟಾಫ್ ರೂಮಿಗೆ ಕರೆತಂದಳು.

"ಮಿಸ್, ಸ್ಫೂರ್ತಿ ಬರೀತಾಳೆ. ಅವಳ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ."

"ಅವಳಿಗೆ ಇಷ್ಟ ಇದ್ಯಾ?"

ಸ್ಫೂರ್ತಿ ಅಕ್ಕನ ಮುಖ ನೋಡಿ ತಲೆಯಾಡಿಸಿದಳು. ಅದು ಅವಳ ಸ್ವಂತ ಒಪ್ಪಿಗೆಯೇ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಸಮಾಜ, ವಿಜ್ಞಾನಗಳನ್ನು ಬಾಯಲ್ಲಿ ಹೇಳಿ ಬರೆಸಬಹುದು. ಗಣಿತ ಬರೆಸುವುದು ಬೇರೆಯೇ ವಿದ್ಯೆ. ಬ್ರಾಕೆಟ್ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು, ರೂಟ್ ಗುರುತಿನ ಒಳಗೆ ಯಾವುದು, ಹೊರಗೆ ಯಾವುದು ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಕೈ ಸರಿಯಿದ್ದಾಗ ನಂದಿನಿ ಯೋಚಿಸುತ್ತಲೇ ಬರೆಯುತ್ತಿದ್ದಳು. ಈಗ ಯೋಚಿಸಿ, ಹೇಳಿ, ಕಾದು, ಮತ್ತೆ ಯೋಚಿಸಬೇಕು. ಆ ನಡುವೆ ಅವಳ ಲೆಕ್ಕ ತಪ್ಪತೊಡಗಿತು. ಅದರಲ್ಲೂ ವರ್ಗ ಸಮೀಕರಣದ ಸೂತ್ರದಲ್ಲಿ. ಸೂತ್ರ ಮೈನಸ್ ಬಿ ಎಂದು ಶುರುವಾಗುತ್ತದೆ. ಬಿ ಬೆಲೆಯೇ ಮೈನಸ್ ಏಳು ಆಗಿದ್ದರೆ ಅಲ್ಲಿ ಪ್ಲಸ್ ಏಳು ಬರಬೇಕು. ಆತುರದಲ್ಲಿ ಅವಳು ಮೈನಸ್ ಏಳು ಎಂದೇ ಹೇಳಿಬಿಡುತ್ತಿದ್ದಳು.

ಪ್ರತಿ ಸಂಜೆ ಶಾಲೆ ಬಿಟ್ಟ ಮೇಲೆ ಮೂವರನ್ನೂ ಕೂರಿಸಿಕೊಂಡೆ. ನಂದಿನಿ ಹೇಳುವುದು, ಸ್ಫೂರ್ತಿ ಬರೆಯುವುದು, ಸಂಜನಾ ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದುವುದು. ಸಂಜನಾಳಿಗೂ ಅದೇ ಪರೀಕ್ಷೆಯಿತ್ತು. ತನ್ನ ಓದನ್ನು ಬದಿಗಿಟ್ಟು ಗೆಳತಿಯ ಬ್ಯಾಗ್ ಹೊರುವುದು, ಟಿಫನ್ ಬಾಕ್ಸ್ ತೆರೆದುಕೊಡುವುದು, ಜಡೆ ಹಾಕುವುದು ಎಲ್ಲ ಮಾಡುತ್ತಿದ್ದಳು. ಒಳ್ಳೆಯ ಹುಡುಗಿ ಎಂದು ಸ್ಟಾಫ್ ರೂಮಿನಲ್ಲಿ ಹೊಗಳಿದೆವು.

ಕೇಳುತ್ತ ಕೇಳುತ್ತ ಸ್ಫೂರ್ತಿಗೆ ಹತ್ತನೇ ತರಗತಿಯ ಪಾಠ ಬಂದುಬಿಟ್ಟಿತು. ನಂದಿನಿ ಮೈನಸ್ ತಪ್ಪಿದಾಗಲೆಲ್ಲ ಅವಳು ಬರೆಯುವುದನ್ನು ಬಿಟ್ಟು ಕಿಸಕ್ಕನೆ ನಗುತ್ತಿದ್ದಳು. ನಾನು ಗದರಿದೆ.

"ನೀನು ಅಲ್ಲಿ ಪೆನ್ನು ಹಿಡಿದ ಕೈ ಅಷ್ಟೆ. ನಗೋಹಾಗಿಲ್ಲ, ಮುಖ ನೋಡೋಹಾಗಿಲ್ಲ. ಅವಳು ತಪ್ಪು ಹೇಳಿದ್ರೆ ತಪ್ಪೇ ಬರಿ. ಒಂದು ಚುಕ್ಕೆ ನೀನಾಗಿ ಇಟ್ರೂ ಅದು ಕಾಪಿ ಹೊಡೆದಂಗೆ."

ಅಂದಿನಿಂದ ಅವಳು ನಗಲಿಲ್ಲ.

ಗಣಿತ ಪರೀಕ್ಷೆಯ ದಿನ ನಂದಿನಿ, ಸ್ಫೂರ್ತಿ ಇಬ್ಬರಿಗೇ ಒಂದು ಪ್ರತ್ಯೇಕ ಕೊಠಡಿ, ಒಬ್ಬರು ಮೇಲ್ವಿಚಾರಕರು, ಒಂದಿಷ್ಟು ಹೆಚ್ಚುವರಿ ಸಮಯ. ಎಲ್ಲ ಮುಗಿದು ಹೊರಬಂದಾಗ ನಾನು ಗೇಟಿನಲ್ಲೇ ಕಾಯುತ್ತಿದ್ದೆ. "ಎಲ್ಲಾ ಅಟೆಂಡ್ ಮಾಡ್ದೆ ಮಿಸ್," ಎಂದಳು ನಂದಿನಿ. ಅವಳ ತಾಯಿ ರಜೆ ಹಾಕಿ ಬಂದಿದ್ದರು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ನಂದಿನಿಯ ಬೆನ್ನು ತಟ್ಟಿ, ಪ್ರಶ್ನೆಪತ್ರಿಕೆ ಇಸಿದುಕೊಂಡು, ಅಲ್ಲೇ ಮರದಡಿ ನಿಂತು ಒಂದೊಂದೇ ಉತ್ತರ ಕೇಳತೊಡಗಿದೆ. ಸ್ಫೂರ್ತಿ ಪಕ್ಕದಲ್ಲೇ ಇದ್ದಳು. ಅವಳನ್ನು ನಾನು ಮಾತಾಡಿಸಲಿಲ್ಲ.

ಉಳಿದ ವಿಷಯಗಳಿಗೂ ಅವಳೇ ಬರೆದಳು. ಕೊನೆಯ ಪರೀಕ್ಷೆಯ ಮಾರನೆಯ ದಿನ ಒಬ್ಬಳೇ ನನ್ನ ಮನೆಗೆ ಬಂದಳು. ಕೆಲವು ದಿನಗಳಿಂದ ಸರಿಯಾಗಿ ಉಂಡಿಲ್ಲವೆಂಬಂತೆ ಕಣ್ಣು ಒಳಗೆ ಹೋಗಿದ್ದವು. ಕುಡಿಯಲು ಕೊಟ್ಟ ಮಜ್ಜಿಗೆಯನ್ನು ಹಾಗೇ ಹಿಡಿದುಕೊಂಡು ಕೂತಳು.

"ಮಿಸ್, ಮ್ಯಾಥ್ಸ್‌ನಲ್ಲಿ ನಂದಿನಕ್ಕ ಮತ್ತೆ ಮೈನಸ್ ಅಂದ್ಲು. ನಾಲ್ಕು ಮಾರ್ಕ್ಸ್ ಲೆಕ್ಕ. ಆಗ ಪೆನ್ನು ನಿಂತೋಯ್ತು."

"ಇಂಕ್ ಖಾಲಿ ಆಯ್ತಾ?"

"ಇಲ್ಲ. ನಾನು ಬರೀಲಿಲ್ಲ. ನಾನೇ ನಿಲ್ಲಿಸ್ದ್ನೋ, ಅದಾಗೇ ನಿಂತೋಯ್ತೋ ಗೊತ್ತಿಲ್ಲ. ಮುಖ ನೋಡ್ಲಿಲ್ಲ ಮಿಸ್, ಪ್ರಾಮಿಸ್. ಸ್ವಲ್ಪ ಹೊತ್ತಾದ್ಮೇಲೆ ನಂದಿನಕ್ಕನೇ, 'ಅಲ್ಲ ಅಲ್ಲ, ಪ್ಲಸ್ ಸೆವೆನ್' ಅಂದ್ಲು."

"ಯಾರಿಗಾದ್ರೂ ಹೇಳಿದ್ಯಾ?"

"ಸಂಜನಾಗೆ. ಬಾಯಿ ಮುಚ್ಕೊಂಡಿರು ಅಂದ್ಲು. 'ನನ್ನಿಂದ ಅವಳ ಕೈ ಹೋಯ್ತು, ನಿನ್ನಿಂದ ಮಾರ್ಕ್ಸೂ ಹೋಗ್ಬೇಕಾ' ಅಂದ್ಲು."

ಕಾಪಿ ಹೊಡೆದು ಸಿಕ್ಕಿಬಿದ್ದು ಮುಖ ಗಂಟಿಕ್ಕಿಕೊಂಡ ಎಷ್ಟೋ ಮಕ್ಕಳನ್ನು ನಾನು ಕಂಡಿದ್ದೆ. ಮಾಡಿದ್ದು ತಪ್ಪೋ ಅಲ್ಲವೋ ಎಂದೇ ತಿಳಿಯದೆ ಊಟ ಬಿಟ್ಟ ಮಗುವನ್ನು ಕಂಡಿರಲಿಲ್ಲ. ಚುಕ್ಕೆ ಇಟ್ಟರೂ ಕಾಪಿ ಎಂದವಳು ನಾನು. ಚುಕ್ಕೆ ಇಡದಿದ್ದರೆ ಏನು ಎಂದು ಹೇಳಿಕೊಟ್ಟಿರಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯರಿಗೆ ತಿಳಿಸಿದೆ. ಪರೀಕ್ಷಾ ಕೇಂದ್ರಕ್ಕೆ ವರದಿ ಮಾಡಿದರೆ ವಿಚಾರಣೆ ಎಂದು ಫಲಿತಾಂಶ ತಡೆಹಿಡಿಯುವ ಸಾಧ್ಯತೆಯಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪೆನ್ನು ನಿಂತಿತ್ತು ಅಂತ ವರದಿಯಲ್ಲಿ ಹೇಗೆ ಬರೀತೀರಿ ಮೇಡಂ? ರೂಮಲ್ಲಿದ್ದ ಮೇಲ್ವಿಚಾರಕರೇ ಏನೂ ಅಂದಿಲ್ಲ. ಮಕ್ಕಳನ್ನ ನೀವೇ ಕೂರಿಸಿ ಮಾತಾಡಿ."

ಆ ಸಂಜೆ ಸ್ಫೂರ್ತಿಯನ್ನು ಕರೆದುಕೊಂಡು ಅವರ ಮನೆಯ ಮೇಲಿನ ಮಹಡಿಗೆ ಹೋದೆ. ನಂದಿನಿಯ ತಾಯಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಸಂಜನಾ ನಂದಿನಿಗೆ ಜಡೆ ಹಾಕುತ್ತಿದ್ದಳು. ನಾನು ಸುತ್ತಿ ಬಳಸದೆ ವಿಷಯ ಹೇಳಿದೆ.

ನಂದಿನಿ ಪ್ಲಾಸ್ಟರಿನ ಅಂಚು ಕೆರೆದಳು. ಆಮೇಲೆ ಸ್ಫೂರ್ತಿಗೆ ಹೇಳಿದಳು:

"ನೀನು ನಿಲ್ಲಿಸಿದ್ದು ನೋಡ್ದೆ ಕಣೇ. ಅದಕ್ಕೇ ತಪ್ಪಿದೆ ಅಂತ ಗೊತ್ತಾಗಿದ್ದು. ಕೈ ಸರಿ ಇದ್ದಿದ್ರೆ ನಾನೇ ತಿದ್ಕೋತಿದ್ದೆ, ಇದರಲ್ಲಿ ಮೋಸ ಏನಿಲ್ಲ ಅಂತ ನಂಗೆ ನಾನೇ ಹೇಳ್ಕೊಂಡೆ. ನಿನ್ನ ಹತ್ರ ಕೇಳಿದ್ರೆ ನೀನು ಹೌದು ಅಂದ್ಬಿಡ್ತೀಯ ಅಂತ ಕೇಳ್ಲೇ ಇಲ್ಲ."

ಹಾಗಾದರೆ ಈ ಹನ್ನೊಂದು ಹನ್ನೆರಡು ದಿನ ಇಬ್ಬರೂ ಒಂದೇ ಮೇಜಿಗೆ ಕೂತು, ಒಬ್ಬಳು ಹೇಳಿ ಒಬ್ಬಳು ಬರೆದು, ಇದನ್ನು ಮಾತ್ರ ಆಡದೆ ಉಳಿಸಿಕೊಂಡಿದ್ದರು. ಸ್ಫೂರ್ತಿ ಅಳತೊಡಗಿದಳು. ನಂದಿನಿ ಎಡಗೈಯಿಂದ ಅವಳ ತೋಳು ಹಿಡಿದಳು.

ಆಗ ಸಂಜನಾ ಬಾಚಣಿಗೆಯನ್ನು ಕೆಳಗಿಟ್ಟಳು.

"ನಾಯಿ ಬರ್ಲಿಲ್ಲ," ಎಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಯಾವ ನಾಯೀನೂ ಅಡ್ಡ ಬರ್ಲಿಲ್ಲ ಮಿಸ್. ಮೊಬೈಲ್‌ಗೆ ಮೆಸೇಜ್ ಬಂತು, ನೋಡ್ದೆ. ಗುಂಡಿ ಕಾಣ್ಲಿಲ್ಲ. ಅಪ್ಪ ಹೊಡೀತಾರೆ ಅಂತ ನಾಯಿ ಅಂದ್ಬಿಟ್ಟೆ."

ನಂದಿನಿ ತಲೆಯೆತ್ತದೆ ಹೇಳಿದಳು: "ನಂಗೆ ಗೊತ್ತು. ನಾನು ಹಿಂದೇನೇ ಕೂತಿದ್ನಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ."

ಸಂಜನಾ ಮುಖ ಮುಚ್ಚಿಕೊಂಡಳು. ನಾವು ಹೊಗಳಿದ್ದ ಆ ಸೇವೆಯೆಲ್ಲ, ಬ್ಯಾಗ್ ಹೊತ್ತದ್ದು, ತಂಗಿಯನ್ನು ತಂದು ಕೂರಿಸಿದ್ದು, ಒಂದು ಮಾತು ಆಡಲಾಗದೆ ಅದರ ಬದಲಿಗೆ ಮಾಡಿದ ಕೆಲಸಗಳು ಎಂದು ಆಗ ತಿಳಿಯಿತು. ಆ ಭಾರದಲ್ಲಿ ಒಂದು ಪಾಲನ್ನು ಪುಟ್ಟ ತಂಗಿಯ ಹೆಗಲಿಗೂ ದಾಟಿಸಿದ್ದಳು, ಅದಕ್ಕೆ ನಾನೇ ಸಹಿ ಹಾಕಿದ್ದೆ. ಕೆಳಗಿಳಿದು ಅಪ್ಪನ ಮುಂದೆಯೂ ಅವಳು ನಿಜ ಹೇಳಿದಳು. ನಾನು ಜೊತೆಯಲ್ಲಿದ್ದುದರಿಂದಲೋ ಏನೋ ಅವರು ಕೈಯೆತ್ತಲಿಲ್ಲ. ಮೇಲೆ ಬಂದು, ಆಗಷ್ಟೇ ಮನೆ ಸೇರಿದ್ದ ನಂದಿನಿಯ ತಾಯಿಯ ಎದುರು ತಲೆ ತಗ್ಗಿಸಿ ನಿಂತರು. "ನಮ್ಮ ಹುಡುಗೀದೇ ತಪ್ಪು ಕಣಮ್ಮ," ಎಂದರು. ನಂದಿನಿಯ ತಾಯಿ ಒಳಗೆ ಹೋಗಿ ಒಲೆ ಹಚ್ಚಿದರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನಂದಿನಿಗೆ ಗಣಿತದಲ್ಲಿ ತೊಂಬತ್ತೆರಡು. ಸಂಜನಾ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಈಗ ಅಂಕ ಹೆಚ್ಚಿಸಿಕೊಳ್ಳಲು ಎರಡನೇ ಸಲ ಬರೆಯುವ ಅವಕಾಶವಿದೆ, ಎರಡರಲ್ಲಿ ಹೆಚ್ಚಿನದ್ದು ಉಳಿಯುತ್ತದೆ. ನಂದಿನಿ ಗಣಿತವನ್ನು ಮತ್ತೆ ಬರೆಯುತ್ತೇನೆಂದಳು. ಪ್ಲಾಸ್ಟರ್ ಬಿಚ್ಚಿದ್ದರೂ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕಡಿಮೆ ಬರಬಹುದು ಎಂದೆ. "ಬರ್ಲಿ ಮಿಸ್, ನಂಗೆ ಎಷ್ಟು ಬರುತ್ತೆ ಅಂತ ನಂಗೆ ಗೊತ್ತಾಗ್ಬೇಕು," ಎಂದಳು. ಎಂಬತ್ತೊಂಬತ್ತು ಬಂತು. ಅಂಕಪಟ್ಟಿಯಲ್ಲಿ ಉಳಿದದ್ದು ತೊಂಬತ್ತೆರಡೇ. ಜಯನಗರದ ಕಾಲೇಜೊಂದರಲ್ಲಿ ಅವಳಿಗೆ ಸೈನ್ಸ್ ಸಿಕ್ಕಿತು. ಎರಡೂ ಅಂಕಗಳಿಗೆ ಸೀಟು ಸಿಗುತ್ತಿತ್ತು ಎಂದು ತಿಳಿದಾಗ ನನಗೆ ಸಮಾಧಾನವಾಯಿತು. ವರದಿ ಮಾಡದೆ ಬಿಟ್ಟದ್ದು ಸರಿಯೇ ಎಂಬುದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ.

ಮುಂದಿನ ವರ್ಷ, ನನ್ನ ಸೇವೆಯ ಕೊನೆಯ ಪರೀಕ್ಷೆಯಲ್ಲಿ, ಇನ್ನೊಬ್ಬ ವಿದ್ಯಾರ್ಥಿಗೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಬರೆದುಕೊಟ್ಟಳು. ಇಬ್ಬರೂ ಹೊರಬಂದಾಗ ಹುಡುಗನ ಸುತ್ತ ಮನೆಯವರು ಸೇರಿಕೊಂಡರು. ನಾನು ಮೊದಲು ಆ ಹುಡುಗಿಯ ಹತ್ತಿರ ಹೋಗಿ, "ನಿನಗೆ ಹೇಗಿತ್ತು?" ಎಂದು ಕೇಳಿದೆ. ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿ, ಕೈ ನೋಯುತ್ತಿದೆ ಎಂದಳು. ಕೂರಿಸಿ, ನೀರು ಕೊಟ್ಟು, ಅವಳು ಹೇಳುವುದನ್ನೆಲ್ಲ ಮುಗಿಯುವವರೆಗೂ ಕೇಳಿದೆ. ಮೂವತ್ತು ವರ್ಷ ಗಣಿತ ಕಲಿಸಿ, ಕೆಲಸ ಬಿಡುವ ಹೊತ್ತಿಗೆ ನಾನು ಕಲಿತದ್ದು ಇಷ್ಟು: ನಾವು ಮಕ್ಕಳ ಕೈಗೆ ಒಂದು ಕೆಲಸ ಕೊಟ್ಟರೆ, ಅದು ಮುಗಿದ ಮೇಲೆ ಅವರ ಮನಸ್ಸಿನಲ್ಲಿ ಏನು ಉಳಿಯಿತು ಎಂದು ನಾವೇ ಹೋಗಿ ಕೇಳಬೇಕು. ಅವರಾಗಿ ಬಂದು ಬಾಗಿಲು ತಟ್ಟಲಿ ಎಂದು ಕಾಯಬಾರದು.