ಬಾಜೂ ಮನೆಯ ಅಕ್ಕ ಮತ್ತು ಹಸಿರು ಲಾರಿ

ಮೊನ್ನೆ ಮಗ ತನ್ನ ನೆಗ್ಗಿದ ಕಾರನ್ನು ರಿಪೇರಿಗೆ ಬಿಡಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಗ್ಯಾರೇಜಿನೊಳಗೆ ಕಾಲಿಟ್ಟೊಡನೆ ಹಸಿ ಬಣ್ಣದ ವಾಸನೆ ಮೂಗಿಗೆ ಅಡರಿತು. ನೆನಪಾದದ್ದು ಚಿತ್ತಾಪುರದ ನಮ್ಮ ಬಾಜೂ ಮನೆಯ ಅಕ್ಕ...

ನಾನು ಮದುವೆಯಾಗಿ ಚಿತ್ತಾಪುರಕ್ಕೆ ಬಂದದ್ದು ನಿಜಾಮನ ಆಳಿಕೆ ಮುಗಿದು ಮೂರ್ನಾಲ್ಕು ವರ್ಷವಾದ ಮೇಲೆ. ಅಕ್ಕನ ಗಂಡನದೊಂದು ಲಾರಿಯಿತ್ತು. ರಾವೂರಿನ ಗಣಿಯಿಂದ ವಾಡಿ ಸ್ಟೇಷನ್ನಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲು ಸಾಗಿಸುತ್ತಿದ್ದ. ಆ ಮಳೆಗಾಲ ಲಾರಿ ಹಳ್ಳಕ್ಕೆ ಉರುಳಿ ಅವನು ತೀರಿಕೊಂಡ. ಜಜ್ಜಿಹೋದ ಲಾರಿ ಉಳಿಯಿತು. ಆ ಮನೆಗೆ ಬೇರೆ ದುಡಿಮೆ ಇರಲಿಲ್ಲ. ಇನ್ನು ಅದನ್ನು ನಡೆಸಬೇಕಾದವನು ಮೈದುನ. ತಾಯಿಯಿಲ್ಲದ ಅವನನ್ನು ಅಕ್ಕನೇ ಉಣಿಸಿ ಬೆಳೆಸಿದ್ದಳು.

ರಿಪೇರಿಗೆ ಎಲ್ಲಿ ಕೊಡುವುದು? ಊರಿನವರು ಒಬ್ಬೊಬ್ಬರು ಒಂದೊಂದು ಅಂಗಡಿ ಹೇಳಿದರು. ಅಕ್ಕ ಗಂಡನ ಜೊತೆ ದುಡಿದ ಹಳೆಯ ಡ್ರೈವರನನ್ನು ಕರೆಸಿ ಕೇಳಿದಳು. "ಶಹಾಬಾದದಾಗ ಒಬ್ಬ ಮುದುಕ ಮಿಸ್ತ್ರಿ ಅದಾನ್ರಿ. ಕೆಲಸ ಭಾಳ ತಡಾ ಮಾಡ್ತಾನ, ಆದ್ರ ಸುಳ್ಳು ಹೇಳಂಗಿಲ್ಲ," ಎಂದ ಅವನು.

ಲಾರಿಯನ್ನು ಅಲ್ಲಿಗೆ ಎಳೆಸಿದರು. ಜೋಡಿಗಿರಲೆಂದು ಅಕ್ಕ ನನ್ನನ್ನೂ ಕರೆದೊಯ್ದಳು. ಮಿಸ್ತ್ರಿ ಲಾರಿಯ ಕೆಳಗೆ ನುಸುಳಿ ಬಹಳ ಹೊತ್ತು ಇದ್ದ. ಹೊರಗೆ ಬಂದು, ಅಕ್ಕನ ಮುಖ ನೋಡದೆ ಹೇಳಿದ:

"ಬೇಟೀ, ಮ್ಯಾಲಿನ ತಗಡು ಬಡದು ಸರಿ ಮಾಡಿ ಕೊಡ್ತೀನಿ. ಆದ್ರ ಕೆಳಗಿನ ಚಾಸಿ ಸೀಳ್ಯಾದ. ಲಾರಿಗಿ ಅದಾ ಬೆನ್ನೆಲುಬು. ಬದಲಿ ಮಾಡಲಾರದ ಕಲ್ಲು ಹೇರಿದ್ರ ಒಂದಿನ ಮುರೀತದ."

"ಬೆಸಿಗಿ ಹಾಕಿ ಕೊಡ್ರಿ ಕಾಕಾ," ಎಂದಳು ಅಕ್ಕ.

"ಹಾಕಂಗಿಲ್ಲ. ಅದರಾಗ ಮಂದಿ ಕುಂದರ್ತಾರ."

ಹೊಸ ಚಾಸಿ ಹಾಕಿಸುವುದು ಆ ಮನೆಯ ಕೈಯಲ್ಲಿರಲಿಲ್ಲ. ಮುರಿದು ಮಾರಿಬಿಡೋಣ, ಬೀಸಿ ಕುಟ್ಟಿ ನಾನೇ ಮನೆ ನಡೆಸುತ್ತೇನೆ ಎಂದಳು ಅಕ್ಕ. ಆಕೆಯ ಮಾವ ಸಿಡುಕಿದರು: "ಮುದುಕಗ ಕೆಲಸ ಆಗಂಗಿಲ್ಲ, ಅದಕ್ಕ ನೆವ ಹೇಳ್ಯಾನ. ಗಾಡಿ ಮಾತು ನಿನಗೇನು ತಿಳೀತದ?" ಲಾರಿ ಬೇರೊಂದು ಅಂಗಡಿಗೆ ಹೋಯಿತು. ಸ್ವಲ್ಪ ದಿನದಲ್ಲೇ ಅದೇ ಸೀಳಿದ ಚಾಸಿಯ ಮೇಲೆ ಹಸಿರು ಬಣ್ಣ ಬಳಿದುಕೊಂಡು ಮನೆ ಮುಂದೆ ಬಂದು ನಿಂತಿತು. ಬಣ್ಣದ ವಾಸನೆ ಓಣಿಯೆಲ್ಲ ತುಂಬಿತ್ತು.

"ವೈನೀ, ನೋಡ್ರಿ, ಹ್ಯಾಂಗ ಹೊಳೀಲಿಕತ್ತದ!" ಎಂದ ಮೈದುನ.

ಅಕ್ಕ ಲಾರಿಯ ಮುಂದೆ ಕೈ ಚಾಚಿ ನಿಂತುಬಿಟ್ಟಳು. "ಹೋಗಬ್ಯಾಡಪ್ಪಾ, ನನ್ನ ಮಾತು ಕೇಳು." ಮಾವ ಆಕೆಯ ರಟ್ಟೆ ಹಿಡಿದು ಒಳಗೆ ಕಳಿಸಿದರು. ಮೈದುನ ನಕ್ಕು, ಹಾರ್ನ್ ಹೊಡೆದು ಹೋದ. ನಾವೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು, ಅಷ್ಟೇ.

ಚಳಿಗಾಲ ಪೂರ್ತಿ ಲಾರಿ ಓಡಿತು. ಜನ ಅಕ್ಕನನ್ನು ಆಡಿಕೊಂಡರು. ಆಕೆಯೂ ನಗಲು ನೋಡಿದಳು... ಸಂಜೆ ಲಾರಿಯ ಸದ್ದು ಕೇಳುವ ತನಕ ತುತ್ತು ಮುಟ್ಟುತ್ತಿರಲಿಲ್ಲ. ಕಲ್ಲಿನ ಮೇಲೆ ಕುಳಿತು ಹೋಗುತ್ತಿದ್ದ ಹಮಾಲರ ಮನೆಗಳಿಗೆ ಹೋಗಿ, ಗಂಡಂದಿರನ್ನು ಕಳಿಸಬೇಡಿರೆಂದು ಹೆಂಗಸರನ್ನು ಬೇಡಿಕೊಂಡಳು. "ಕೂಲಿ ಬಿಟ್ರ ಏನು ತಿನ್ನೂಣ್ರಿ ಅವ್ವಾ?" ಎಂದರು ಅವರು. ಅಕ್ಕ ತಿರುಗಿ ಬಂದಳು.

ಬೇಸಿಗೆ ಹಿಡಿಯುವಾಗ ರಾವೂರಿನ ಇಳಿಜಾರಿನಲ್ಲಿ ಲಾರಿ ನಡುವಿಗೇ ಮುರಿಯಿತು. ಮೈದುನ ಉಳಿಯಲಿಲ್ಲ. ಸುದ್ದಿ ತಂದವನ ಎದುರು ಅಕ್ಕ ಅಳಲಿಲ್ಲ. "ಕಲ್ಲಿನ ಮ್ಯಾಲ ಎಷ್ಟು ಮಂದಿ ಕುಂತಿದ್ರು?" ಎಂದಷ್ಟೇ ಕೇಳಿದಳು. ಅವನು ಬೆರಳು ಮಡಚಿ ಎಣಿಸತೊಡಗಿದ.

ಆಮೇಲೆ ತವರಿನವರು ಬಂದು ಆಕೆಯನ್ನು ಸುಲೇಪೇಟಕ್ಕೆ ಕರೆದೊಯ್ದರು. ಮಾವ ಹೊಸ್ತಿಲು ದಾಟಿ ಬಂದು, ಆಕೆಯ ಬಟ್ಟೆಯ ಗಂಟನ್ನು ತಾವೇ ಎತ್ತಿ ಗಾಡಿಯಲ್ಲಿಟ್ಟರು... ನಾನು ಮತ್ತೆ ಆಕೆಯನ್ನು ಕಾಣಲೇ ಇಲ್ಲ. ತೀರಿಕೊಂಡಳೆಂಬ ಸುದ್ದಿಯೂ ಎಷ್ಟೋ ವರ್ಷ ತಡವಾಗಿ ಬಂತು.

ಮೊನ್ನೆ ಗ್ಯಾರೇಜಿನವನು, "ವಾರ ಬಿಟ್ಟು ಬರ್ರಿ, ನೆಗ್ಗಿದ ಗುರ್ತಾ ಇರಂಗಿಲ್ಲ," ಎಂದ.

"ಕೆಳಗೂ ಬಗ್ಗಿ ನೋಡಂತ ಹೇಳಪಾ," ಎಂದೆ ಮಗನಿಗೆ.

"ಅವರಿಗಿ ಗೊತ್ತಿರ್ತದ ಬಿಡವ್ವಾ," ಎಂದು ಮಗ ಕೀಲಿ ಕೊಟ್ಟುಬಿಟ್ಟ.