ಆರನೇ ನಿಯಮದ ಕೆಳಗಿನ ಮೂರು ಸಾಲು

ಎಂಬತ್ತರ ದಶಕದ ಕೊನೆಯಲ್ಲಿ ಇಚಲಕರಂಜಿಯ ಒಂದು ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಕೆಳಗೆ ಮಗ್ಗದ ಕಾರಖಾನೆ, ಮೇಲೆ ನಾವು. ಮಗ್ಗ ಶುರುವಾದರೆ ನನ್ನ ಟೇಬಲ್ಲಿನ ಪೆನ್ಸಿಲ್ ತಾನೇ ಉರುಳುತ್ತಿತ್ತು. ಕೆಲಸಗಾರರ ಹಾಜರಿ ಇಡುವ ಪ್ರೋಗ್ರಾಮು ಬರೆಯುವವರು ಇಬ್ಬರೇ. ಒಬ್ಬರು ಗಡಹಿಂಗ್ಲಜದ ನಮ್ಮ ಸರ್. ಇನ್ನೊಬ್ಬರು ಹಾತಕಣಂಗಲೆ ಕಡೆಯ ಜೈನ ರೈತ ಮನೆತನದ ಸೊಸೆ. ಇಬ್ಬರು ಮಕ್ಕಳಾದ ಮೇಲೆ ಕೊಲ್ಹಾಪುರಕ್ಕೆ ಹೋಗಿ ಕಂಪ್ಯೂಟರ್ ಕಲಿತವರು. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ.

ಪ್ರೋಗ್ರಾಮು ಹೇಗೆ ಬರೆಯಬೇಕೆಂದು ಸರ್ ಒಂದು ನಿಯಮಾವಳಿ ಬರೆದಿದ್ದರು. ಅಕ್ಕ ಸೇರಿದ ದಿನ ಅದನ್ನು ಟೈಪ್ ಮಾಡಿ, ಪ್ರಿಂಟ್ ತೆಗೆದು ಅವರ ಕೈಗೆ ಕೊಟ್ಟವಳು ನಾನೇ.

ಎರಡನೇ ವಾರ ಒಂದು ಮಧ್ಯಾಹ್ನ ಸರ್ ಕುರ್ಚಿಯಿಂದ ಎದ್ದು ನಿಂತರು. “ನನ್ನ ಪ್ರೋಗ್ರಾಮು ಯಾರು ತಿದ್ದಿದ್ರಿ?”

“ನಾನ ರೀ,” ಅಂದರು ಅಕ್ಕ. “ಒಂದು ತಪ್ಪು ಕಂಡ್ತು, ತಿದ್ದೀನಿ.”

“ಹೇಳದ, ಕೇಳದ?”

“ನಿಯಮದಾಗ ಹಂಗ ಐತೆಲ್ರಿ…”

ಸರ್‌ಗೆ ಅದು ಎದುರುತ್ತರ ಅನ್ನಿಸಿತು. ಭಾಳ ಬೈದರು. ಅಕ್ಕ ಊಟದ ಡಬ್ಬಿಯ ಚೀಲ ಎತ್ತಿಕೊಂಡು ಹೋದವರು ಮರುದಿನ ಬರಲಿಲ್ಲ.

ನನಗೆ ಸಮಾಧಾನವಾಗಲಿಲ್ಲ. ಸರ್ ಕೈಬರಹದ ನಿಯಮಾವಳಿಯನ್ನೂ ನನ್ನ ಪ್ರಿಂಟನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ‘ಕೆಳಗಿನವನ್ನು ಮಾಡಬಾರದು’ ಎಂಬ ಆರನೇ ನಿಯಮ ಪ್ರಿಂಟಿನಲ್ಲಿ ಮೊದಲ ಪುಟದ ಕೊನೆಯ ಸಾಲಾಗಿತ್ತು. ಅದರ ಕೆಳಗಿನ ಮೂರು ಸಾಲುಗಳನ್ನು ಸರ್ ಒಳಗೆ ಸರಿಸಿ ಎ, ಬಿ, ಸಿ ಎಂದು ಬರೆದಿದ್ದರು. ನಾನು ಹೊಸ ಪುಟದಲ್ಲಿ ಅವನ್ನು ಅಂಚಿಗೇ ತಂದು ಏಳು, ಎಂಟು, ಒಂಬತ್ತು ಎಂದು ಸಂಖ್ಯೆ ಹಾಕಿದ್ದೆ. ‘ಎಂಟು: ಇನ್ನೊಬ್ಬರ ಪ್ರೋಗ್ರಾಮನ್ನು ಹೇಳದೆ ತಿದ್ದುವುದು.’ ಉಳಿದ ನಿಯಮಗಳೂ ‘ಬರೆಯುವುದು’, ‘ಇಡುವುದು’ ಎಂದೇ ಮುಗಿಯುತ್ತಿದ್ದವು. ಅಕ್ಕ ಓದಿದಂತೆಯೇ ನಡೆದಿದ್ದರು.

ಎರಡನ್ನೂ ಸರ್‌ಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡೂ ಹಾಳೆ ಓದಿದರು. ಆಮೇಲೆ, “ನಾನೂ ಒಮ್ಮೆ ಓದಿ ನೋಡ್ಲಿಲ್ಲವ್ವಾ. ನಡಿ, ಹೋಗೂಣು,” ಅಂದರು.

ಬಸ್ಸಿನಲ್ಲಿ ಇಬ್ಬರೂ ಅಕ್ಕನ ಊರಿಗೆ ಹೋದೆವು. ಅಕ್ಕ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಅವರ ಅತ್ತೆ ನೀರು ಕೊಟ್ಟು, “ನಿನ್ನಿಯಿಂದ ಒಂದು ಮಾತೂ ಆಡಿಲ್ಲ ನೋಡ್ರಿ ಈಕಿ,” ಅಂದರು.

“ತಪ್ಪಾತ್ರಿ ನಂದು,” ಅಂದರು ಸರ್.

“ಸರ್‌ದಲ್ಲ ಅಕ್ಕಾ, ನಂದು,” ಎಂದು ನಾನು ಎರಡೂ ಹಾಳೆ ಅವರ ಕೈಗೆ ಕೊಟ್ಟೆ.

ಅಕ್ಕ ಎರಡು ಸಲ ಓದಿದರು. ಕಣ್ಣು ತುಂಬಿದ್ದವು, ಆದರೆ ಸೆರಗಿನಿಂದ ಒರೆಸಿಕೊಂಡು ಪೆನ್ನು ಕೇಳಿದರು. “ಬರೇ ಒಳಗ ಸರಿಸಿದ್ರ ಸಾಲೂದಿಲ್ಲ. ಒಂದೊಂದು ಸಾಲಿಗೂ ‘ಬಾರದು’ ಅಂತ ಹಚ್ಚು. ಪುಟ ಎಲ್ಲೇ ತಿರುಗ್ಲಿ, ಓದಾವರು ತಪ್ಪಬಾರದು.”

ಅತ್ತೆಗೆ ಇದೊಂದೂ ತಿಳಿಯಲಿಲ್ಲ. “ಮತ್ತ ಕೆಲಸಕ್ಕ ಬರ್ತಾಳಲ್ರಿ?” ಅಂತ ಸರ್‌ನ ಕೇಳಿದರು.

“ನೀವು ಕಳಿಸಿದ್ರ.”

“ನಾ ಯಾವಾಗ ಬ್ಯಾಡಂದೀನಿ? ಹುಡುಗರನ್ನ ನಾ ನೋಡ್ಕೋತೀನಿ. ನೀವು ಒದರಬ್ಯಾಡ್ರಿ, ಅಷ್ಟ.”

ಸರ್ ತಲೆ ತಗ್ಗಿಸಿ, “ಹೌದ್ರಿ,” ಅಂದರು.

ಮರುದಿನ ಅಕ್ಕ ಬಂದರು. ಮೂರು ಸಾಲುಗಳಿಗೂ ‘ಬಾರದು’ ಹಚ್ಚಿ, ಆರನೆಯದರ ಕೆಳಗೆ ಒಳಸರಿಸಿ ಕೂರಿಸುವಾಗ ನನಗೆ ಮತ್ತೆ ತಪ್ಪುತ್ತೇನೆಂಬ ಭಯ. ಅಕ್ಕ ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತರು.