ಕರುಗಳ ದಿನ, ವ್ಯಾನಿನ ಪಟ್ಟಿ

ನಾನು ಮಲಯಾಳ ಸೀಮೆಯ ಹಾಲಿನ ಒಕ್ಕೂಟವೊಂದರ ಕಚೇರಿಯಲ್ಲಿ ಕಂಪ್ಯೂಟರಿನ ಕೆಲಸ ನೋಡಿಕೊಳ್ಳುವವಳು. ಹಳ್ಳಿಯ ಡೈರಿಗಳಿಂದ ಬರುವ ಅಂಕಿಗಳನ್ನು ದಿನಕ್ಕೊಮ್ಮೆ ಜರಡಿ ಹಿಡಿದು, ಒಪ್ಪ ಮಾಡಿ, ಡೇಟಾ ವೇರ್‌ಹೌಸಿಗೆ ತುಂಬಿಸುತ್ತೇನೆ. ಯಾವ ಊರಿನಲ್ಲಿ ಮಳೆಗಾಲಕ್ಕೆ ಹಾಲು ಇಳಿಯುತ್ತದೆ, ಎಲ್ಲಿ ವರ್ಷದಿಂದ ವರ್ಷಕ್ಕೆ ಹಸು ಕಡಿಮೆಯಾಗುತ್ತಿವೆ ಎಂದು ಕೇಳಿದರೆ ಅದು ಥಟ್ಟನೆ ಹೇಳುತ್ತದೆ. ಅದೇನು ಎಂದು ಮನೆಯಲ್ಲಿ ಕೇಳಿದವರಿಗೆ ಕಣಜ ಎಂದು ಹೇಳಿ ಮುಗಿಸುತ್ತಿದ್ದೆ.

ನಮ್ಮ ಮ್ಯಾನೇಜರಿಗೆ ಆ ಕಣಜದ ಮೇಲೆ ಎಲ್ಲಿಲ್ಲದ ಮೋಹ. ಬೆಳಗಿನ ವ್ಯಾನು ಯಾವ ಡೈರಿಗೆ ಹೋಗಬೇಕೆಂಬ ಪಟ್ಟಿಯೂ ಅದರಿಂದಲೇ ಬರಲಿ ಎಂದು ಹಟ ಹಿಡಿದರು. ಅವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಆವರೆಗೆ ವ್ಯಾನಿನ ಪಟ್ಟಿ ಡೈರಿಗಳ ಮೆಷಿನ್ನಿನಿಂದ ನೇರವಾಗಿ ಬರುತ್ತಿತ್ತು, ಸಂಶಯವಿದ್ದರೆ ಒಬ್ಬ ಗುಮಾಸ್ತ ಫೋನು ಮಾಡಿ ಕೇಳುತ್ತಿದ್ದ. ಅದಕ್ಕೂ ನನ್ನ ವರದಿಗೂ ಎತ್ತು ಏರಿಗೆ, ಕೋಣ ನೀರಿಗೆ. ಸಭೆಯಲ್ಲಿ ಎರಡು ಅಂಕಿ ಇಟ್ಟುಕೊಂಡು ಬೈಸಿಕೊಳ್ಳುವವರು ಅವರೇ. ಒಂದೇ ಕಡೆ ಒಂದೇ ಸತ್ಯ ಇರಲಿ ಎಂದರು.

ಕಣಜದಲ್ಲಿರುವುದು ನಿನ್ನೆಯ ಭತ್ತ, ಉಣ್ಣುವವರಿಗೆ ಬೇಕಿರುವುದು ಇವತ್ತಿನ ಅನ್ನ ಎಂದೆ. ಅವರಿಗೆ ಕನ್ನಡ ಬಾರದು, ಮಲಯಾಳದಲ್ಲಿ ಹೇಳಿದ್ದರಿಂದ ಸ್ವಲ್ಪ ಸಪ್ಪೆಯಾಯಿತೋ ಏನೋ, ಅವರು ನಕ್ಕು ಆದೇಶಕ್ಕೆ ಸಹಿ ಹಾಕಿದರು. ನನಗೆ ಸಿಟ್ಟು ಬಂತು. ಬಂದ ಸಿಟ್ಟಿನಲ್ಲೇ ಅವರು ಹೇಳಿದ ಹಾಗೆ ಮಾಡಿಕೊಟ್ಟೆ.

ಪೆರಿಕಲ್ಲೂರಿನ ಹತ್ತಿರ, ಹೊಳೆಯ ಈಚೆ ದಡದ ನಮ್ಮ ಊರಿನಲ್ಲಿ ಡೈರಿ ನಡೆಸುವವರು ನನ್ನ ಸೋದರತ್ತೆ. ಅವರೂ ಪಕ್ಕದ ಮನೆಯ ದೊಡ್ಡಮ್ಮನೂ ಸೇರಿ ಒಂದು ಚಹಾದಂಗಡಿಯ ಜಗಲಿಯಲ್ಲಿ ಅದನ್ನು ಶುರು ಮಾಡಿದವರು. ದೊಡ್ಡಮ್ಮ ರಕ್ತಸಂಬಂಧಿಯಲ್ಲ, ಅತ್ತೆಯ ಜೀವದ ಗೆಳತಿ. ಬೆಳಿಗ್ಗೆ ಮೊದಲ ಹಾಲಿನ ಪಾತ್ರೆ ದೊಡ್ಡಮ್ಮನದೇ ಆಗಬೇಕು. ಬೇರೆಯವರು ಮುಂಚೆ ಬಂದರೆ ಅತ್ತೆ ಮಾತಿಗೆಳೆದು ನಿಲ್ಲಿಸಿಕೊಳ್ಳುತ್ತಿದ್ದರು.

ಹೊಳೆಯಾಚೆಯ ಕನ್ನಡ ಸೀಮೆಯಿಂದ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಒಂದು ಪದ್ಧತಿಯಿದೆ. ಗದ್ದೆ ಕೊಯ್ಲು ಮುಗಿದ ಮೇಲೆ ಒಂದು ದಿನ ಯಾರೂ ಹಾಲು ಕರೆಯುವುದಿಲ್ಲ. ಕರುಗಳ ಹಗ್ಗ ಬಿಚ್ಚಿ ಬಿಡುತ್ತಾರೆ, ಆವತ್ತಿನ ಹಾಲೆಲ್ಲ ಅವಕ್ಕೆ. ಡೈರಿಗೆ ಒಂದು ತೊಟ್ಟೂ ಬರುವುದಿಲ್ಲ.

ಹಾಲು ತರದ ಪ್ರತಿ ಮನೆಗೂ ಡೈರಿಯ ಮೆಷಿನ್ನಿನಲ್ಲಿ ‘ಹಾಲಿಲ್ಲ’ ಎಂಬ ಗುಂಡಿ ಒತ್ತಬೇಕು. ಅತ್ತೆ ಆ ದಿನ ಯಾರ ಹೆಸರಿಗೂ ಅದನ್ನು ಒತ್ತದೆ ಮೆಷಿನ್ನನ್ನೇ ಆರಿಸಿ ಮನೆಗೆ ಹೋದರು. ಪ್ರತಿ ವರ್ಷ ಹಾಗೆಯೇ ಮಾಡುತ್ತಿದ್ದರು. ಗುಮಾಸ್ತ ಫೋನು ಮಾಡಿದಾಗ ನಾಳೆ ವ್ಯಾನು ಬರಲಿ ಎನ್ನುತ್ತಿದ್ದರು, ಅಲ್ಲಿಗೆ ಮುಗಿಯಿತು. ಪಟ್ಟಿ ಕಣಜದಿಂದ ಬರುತ್ತಿದ್ದುದರಿಂದ ಈ ಸಲ ಫೋನು ಮಾಡಿ ಕೇಳುವವರಿರಲಿಲ್ಲ. ಮೆಷಿನ್ನಿನಿಂದ ಏನೂ ಬಾರದ ಡೈರಿಯನ್ನು ವೇರ್‌ಹೌಸು ‘ಮುಚ್ಚಿದೆ’ ಎಂದು ಬರೆದುಕೊಳ್ಳುತ್ತದೆ. ವರ್ಷದ ಲೆಕ್ಕಕ್ಕೆ ಅದರಿಂದ ಏನೂ ಕೆಡುವುದಿಲ್ಲ. ಮಾರನೆಯ ಬೆಳಿಗ್ಗೆಯ ಪಟ್ಟಿಯಲ್ಲಿ ಮಾತ್ರ ನಮ್ಮೂರೇ ಇರಲಿಲ್ಲ.

ಕ್ಯಾನುಗಳು ತುಂಬಿ ರಸ್ತೆಬದಿಯಲ್ಲಿ ನಿಂತವು. ಅತ್ತೆ ಕಚೇರಿಗೆ ಫೋನು ಮಾಡಿದರೆ, ನಿಮ್ಮದು ಮುಚ್ಚಿದೆಯಲ್ಲ ಅಕ್ಕಾ ಎಂಬ ಉತ್ತರ. ಮುಚ್ಚಿದ ಡೈರಿಯಿಂದಲೇ ಮಾತಾಡುತ್ತಿದ್ದೇನೆ ಎಂದರಂತೆ ಅತ್ತೆ. ವಿಷಯ ನನ್ನ ಕಿವಿಗೆ ಬಿದ್ದು ಡ್ರೈವರನ್ನು ಫೋನಿನಲ್ಲಿ ಹಿಡಿದಾಗ ಅವನು ದೂರದ ಕೇಣಿಚಿರ ಊರನ್ನು ದಾಟಿದ್ದ. ತಿರುಗಿಸಿಕೊಂಡು ಬರುವಷ್ಟರಲ್ಲಿ ಬಿಸಿಲೇರಿ ಹಾಲು ಒಡೆದಿತ್ತು. ಜನ ಬೈಯಲಿಲ್ಲ. ನಾಳೆ ವ್ಯಾನು ಬರುತ್ತದೋ ಇಲ್ಲವೋ ಎಂದಷ್ಟೇ ಕೇಳಿದರಂತೆ. ಅತ್ತೆ ಹೆದರಿದ್ದು ಅದಕ್ಕೇ. ಖಾಸಗಿಯವರ ವ್ಯಾನೊಂದು ಆಗಲೇ ನಮ್ಮ ರಸ್ತೆಯಲ್ಲಿ ಓಡಾಡುತ್ತಿತ್ತು. ನಾಲ್ಕು ಮನೆ ಅತ್ತ ವಾಲಿದರೆ ಡೈರಿ ಉಳಿಯುವುದಿಲ್ಲ.

ಮ್ಯಾನೇಜರು ನನ್ನನ್ನೂ ಕರೆದುಕೊಂಡು ಊರಿಗೆ ಬಂದು ಎಲ್ಲರ ಎದುರು ತಪ್ಪಾಯಿತೆಂದರು, ಆ ಗುಣ ಅವರಿಗಿದೆ. ಆಮೇಲೆ ಅತ್ತೆಯನ್ನು ಬದಿಗೆ ಕರೆದು, ಆ ಗುಂಡಿ ಯಾಕೆ ಒತ್ತಲಿಲ್ಲ ಎಂದು ಮೆಲ್ಲಗೆ ಕೇಳಿದರು. ಅತ್ತೆಗೆ ಮಲಯಾಳ ಚೆನ್ನಾಗಿ ಬರುತ್ತದೆ. ಆದರೂ ನನ್ನ ಕಡೆ ತಿರುಗಿದರು.

“ಹೆಂಗೆ ಒತ್ತಲಿ ಮಗಾ? ಹಾಲು ಇತ್ತಲ್ಲ. ಕರ ಕುಡೀತು.”

ನಾನು ಅದನ್ನು ಹಾಗೆಯೇ ಮಲಯಾಳದಲ್ಲಿ ಹೇಳಿದೆ. ಮ್ಯಾನೇಜರು ತಲೆ ಕೆರೆದುಕೊಂಡರು. ಗುಂಡಿ ಒತ್ತಿದ್ದರೂ ವ್ಯಾನು ಬರುತ್ತಿತ್ತೆಂಬ ಖಾತರಿಯೇನೂ ಇರಲಿಲ್ಲ. ಇಡೀ ಡೈರಿಗೆ ಸೊನ್ನೆ ಬಂದರೂ ಪಟ್ಟಿಯಿಂದ ಬಿಡುವ ಹಾಗೆಯೇ ಮಾಡಿಕೊಟ್ಟಿದ್ದೆ. ಮರುವಾರದಿಂದ ವ್ಯಾನಿನ ಪಟ್ಟಿ ಮತ್ತೆ ಮೆಷಿನ್ನಿನಿಂದ ನೇರವಾಗಿ ಬರತೊಡಗಿತು, ಗುಮಾಸ್ತನ ಫೋನೂ ಶುರುವಾಯಿತು. ಸಭೆಯಲ್ಲಿ ಎರಡು ಅಂಕಿ ಈಗಲೂ ಜಗಳವಾಡುತ್ತವೆ. ಆಡಲಿ ಬಿಡಿ.

ಊರವರು ಡೈರಿ ಬಿಡಲಿಲ್ಲ, ಒಂದು ಮನೆಯ ಹೊರತು. ಬಿಟ್ಟವರು ದೊಡ್ಡಮ್ಮ. ಅವರ ಮಗ ಖಾಸಗಿ ವ್ಯಾನಿಗೆ ಮಾತು ಕೊಟ್ಟುಬಿಟ್ಟಿದ್ದ, ಮನೆಯಲ್ಲಿ ಅವರ ಮಾತು ನಡೆಯಲಿಲ್ಲ. ಈಗ ದಾರಿಯಲ್ಲಿ ಎದುರಾದರೆ ಇಬ್ಬರೂ ಮಳೆಯ ವಿಷಯ ಮಾತಾಡಿ ಮುಂದೆ ಹೋಗುತ್ತಾರೆ. 

ದೊಡ್ಡಮ್ಮನ ಮನೆಯ ಹೆಸರನ್ನು ಮೆಷಿನ್ನು ಈಗಲೂ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೇಳುತ್ತದೆ. ಅತ್ತೆ ‘ಹಾಲಿಲ್ಲ’ ಒತ್ತುವುದಿಲ್ಲ, ಹೆಸರನ್ನು ತೆಗೆಸುವುದೂ ಇಲ್ಲ. ನನ್ನ ಪರದೆಯಲ್ಲಿ ಆ ಒಂದು ಸಾಲು ಖಾಲಿ ಬಂದು ನಿಲ್ಲುತ್ತದೆ. ಒಮ್ಮೆ ಫೋನಿನಲ್ಲಿ ಯಾಕೆ ಹೀಗೆ ಎಂದು ಕೇಳಿಯೇಬಿಟ್ಟೆ.

“ಅವಳ ಕೊಟ್ಟಿಗೇಲಿ ಹಾಲು ಅದೆ ಕಣೇ,” ಎಂದರು ಅತ್ತೆ. “ಇಲ್ಲಿಗೆ ಬರಾಕಿಲ್ಲ, ಅಷ್ಟೇಯ.”

ಖಾಲಿ ಸಾಲನ್ನು ತುಂಬಿಸಿ ಎಂದು ಮ್ಯಾನೇಜರು ತಿಂಗಳಿಗೊಮ್ಮೆ ನೆನಪಿಸುತ್ತಾರೆ. ನಾನು ಹೂಂ ಎನ್ನುತ್ತೇನೆ, ತುಂಬಿಸುವುದಿಲ್ಲ.